ಸ್ವಿಚ್ಚು ತಿರುಗಿಸಿದವರ ಹೆಸರೂ ದಾಖಲಾಗಲಿ

2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5ರ ಜಿಎಸ್‌ಟಿ ಬಂದಿತು. ಬಿಡಿ ಬೆಲ್ಲ ವಿನಾಯಿತಿಯಲ್ಲೇ ಉಳಿಯಿತು. ಕಿಕ್ಕೇರಿಯ ಬೆಲ್ಲದ ವರ್ತಕರಿಗೆ ಇದು ಬಿಲ್ಲಿಂಗ್ ತಂತ್ರಾಂಶದ ಒಂದು ಸ್ವಿಚ್ಚಿನ ಮಾತು. ಹೊಸ ಲೆಕ್ಕವನ್ನು ಚಾಲೂ ಮಾಡುವ ಇಂತಹ ಸ್ವಿಚ್ಚಿಗೆ ಫೀಚರ್ ಫ್ಲ್ಯಾಗ್ ಎನ್ನುತ್ತಾರೆ. ಅದನ್ನು ಯಾರು, ಎಂದು, ಯಾರ ಮಾತಿನ ಮೇಲೆ ತಿರುಗಿಸಿದರು ಎಂದು ಕೇಳಿದರೆ ಎಷ್ಟು ಅಂಗಡಿಗಳಲ್ಲಿ ಉತ್ತರ ದೊರೆತೀತು?

ತಂತ್ರಾಂಶ ಒದಗಿಸುವವರಿಗೆ ವರ್ತಕ ಬಾಂಧವರು ಒಂದು ಷರತ್ತು ವಿಧಿಸಬೇಕು. ಸ್ವಿಚ್ಚುಗಳೆಲ್ಲ ಒಂದೇ ಕಡತದಲ್ಲಿರಲಿ. ಆ ಕಡತದ ಪ್ರತಿಯೊಂದು ಆವೃತ್ತಿಯನ್ನೂ ಗಿಟ್‌ನಂತಹ ವ್ಯವಸ್ಥೆ ಕಾದಿಡಲಿ. ಆಗ ಬದಲಿಸಿದವರ ಹೆಸರು, ವೇಳೆ, ಕಾರಣ ಉಳಿಯುತ್ತವೆ. ತಪ್ಪಾದರೆ ಹಿಂದಿನ ಪ್ರತಿಗೆ ಮರಳಬಹುದು. ಕಿರ್ದಿ ಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸದೆ ತಿದ್ದುಪಡಿ ಬರೆಯುವ ನಮ್ಮ ಹಿರಿಯರ ಪದ್ಧತಿಗೆ ಇದೇನೂ ಹೊರತಲ್ಲ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ತಿದ್ದುಪಡಿಗಳ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಸ್ವಿಚ್ಚಿಗೆ ಮಾತ್ರ ಏಕೆ ಬೇಡ?

ಹಳೆಯ ಸ್ವಿಚ್ಚನ್ನು ಕಿತ್ತುಹಾಕುವುದೂ ಅಷ್ಟೇ ಅಗತ್ಯ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಹಳೆಯ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ತಂತ್ರಾಂಶ ತಲುಪಿರಲಿಲ್ಲ. ಅಲ್ಲಿ ಹಳೆಯ ಕೆಲಸವೇ ಚಾಲೂ ಆಯಿತು. 2012ರ ಆಗಸ್ಟ್ 1ರಂದು ಮುಕ್ಕಾಲು ಗಂಟೆಯಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಮಿಕ್ಕಿತ್ತು.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವ ಮುನ್ನ ಇವೆರಡನ್ನೂ ಅದರಲ್ಲಿ ಬರೆಸಿಕೊಳ್ಳಬೇಕು.