ಪಾಸ್‌ಪೋರ್ಟಿಗೆ ಗಡಿನಾಡಿನ ರೂಢಿ ನಡೆಯುವುದಿಲ್ಲ



ಮಂಗಸೂಳಿ, ಉಗಾರ, ಐನಾಪುರ, ಶೇಡಬಾಳ, ಕಾಗವಾಡದ ನಾವು ಕರ್ನಾಟಕ-ಮಹಾರಾಷ್ಟ್ರ ಗಡಿಯ ಜನ. ದವಾಖಾನೆಗೆ ಮಿರಜ, ಕಚೇರಿ ಕೆಲಸಕ್ಕೆ ಕಾಗವಾಡ, ಹಳೆಯ ರೂಢಿಯಲ್ಲಿ ಅಥಣಿ. ಸಾಂಗಲಿ ಕಡೆಯಿಂದ ಹೆಣ್ಣು ತರುತ್ತೇವೆ, ರಾಯಬಾಗ ಕಡೆಗೆ ಕೊಡುತ್ತೇವೆ. ಖಂಡೋಬನ ಗುಡಿಯಲ್ಲಿ ಅರಿಶಿನದ ಭಂಡಾರ ಹಾರುವಾಗ ಯಳಕೋಟ ಎಂದು ಕೂಗಿದ ದನಿ ಕನ್ನಡದ್ದೋ ಮರಾಠಿಯದ್ದೋ ಎಂದು ಯಾರೂ ಕೇಳಿದ್ದಿಲ್ಲ. ಹೀಗಾಗಿ ಅದೂ ನಮ್ಮದು, ಇದೂ ನಮ್ಮದು ಎನ್ನುವುದು ನಮಗೆ ರಕ್ತದಲ್ಲೇ ಬಂದಿದೆ. ರಾಜ್ಯ ರಾಜ್ಯಗಳ ನಡುವೆ ಅದಕ್ಕೆ ಅಡ್ಡಿಯೂ ಇಲ್ಲ. ನಮ್ಮ ಸಂವಿಧಾನ ಒಪ್ಪಿದ್ದು ಒಂದೇ ಪೌರತ್ವ, ಅದು ಭಾರತದ್ದು. ಕರ್ನಾಟಕದ ಪೌರ, ಮಹಾರಾಷ್ಟ್ರದ ಪೌರ ಎಂದು ಬೇರೆ ಬೇರೆ ಇಲ್ಲ.

ತೊಂದರೆ ಶುರುವಾಗುವುದು ಈ ರೂಢಿಯನ್ನು ನಾವು ವಿಮಾನ ಹತ್ತಿಸಿದಾಗ.

"ನಮ್ಮ ಹುಡುಗಂದು ಅಲ್ಲೀದೂ ಐತ್ರಿ, ಇಲ್ಲೀದೂ ಐತ್ರಿ, ಎರಡೂ ಪಾಸ್‌ಪೋರ್ಟ ಇಟ್ಟಾನ" ಎಂದು ಕಟ್ಟೆಯ ಮೇಲೆ ಹೆಮ್ಮೆಯಿಂದ ಹೇಳುವ ತಂದೆಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕಪಟವಿಲ್ಲ. ಆದರೆ ಆ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳು ಹಳೆಯ ದೇಶದ ಪೌರತ್ವವನ್ನೂ ಇಟ್ಟುಕೊಂಡರೆ ತಕರಾರು ತೆಗೆಯುವುದಿಲ್ಲ. ಜರ್ಮನಿಯೂ 2024ರ ಜೂನ್‌ನಿಂದ ಆ ಸಾಲಿಗೆ ಸೇರಿದೆ. ನಮ್ಮ ಹುಡುಗರು ಅಲ್ಲಿಯ ಕಾನೂನನ್ನು ಓದಿ ನಿಶ್ಚಿಂತರಾಗುತ್ತಾರೆ, ಇಲ್ಲಿಯದನ್ನು ಓದುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮು ಬಿಗಿಯಾಗಿದೆ: ಭಾರತೀಯನೊಬ್ಬ ತನ್ನ ಇಚ್ಛೆಯಿಂದ ಬೇರೆ ದೇಶದ ಪೌರನಾದರೆ ಅವನ ಭಾರತೀಯ ಪೌರತ್ವ ತಾನಾಗಿಯೇ ಮುಗಿಯಿತು. ನೋಟಿಸು ಬರುವುದಿಲ್ಲ, ಸಹಿ ಕೇಳುವುದಿಲ್ಲ. ಪೆಟ್ಟಿಗೆಯಲ್ಲಿರುವ ನೀಲಿ ಪುಸ್ತಕದಲ್ಲಿ ಇನ್ನೂ ಆರು ವರ್ಷ ಅವಧಿ ಉಳಿದಿದ್ದರೂ ಅದನ್ನು ತೋರಿಸಿ ಪ್ರಯಾಣ ಮಾಡಿದರೆ ಅಪರಾಧ. ಆ ಪುಸ್ತಕ ಅವನದೂ ಅಲ್ಲ, ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಭಾರತ ಸರಕಾರದ ಸ್ವತ್ತು. ತಡಮಾಡದೆ ರಾಯಭಾರ ಕಚೇರಿಗೆ ಒಪ್ಪಿಸಬೇಕು. ನಮ್ಮ ಖಂಡೋಬ ಮ್ಹಾಳಸಾ, ಬಾನಾಯಿ ಎಂಬ ಇಬ್ಬರು ಹೆಂಡಿರನ್ನೂ ಸಂಭಾಳಿಸಿದ್ದು ನಿಜ, ಆದರೆ ದೇವರಿಗೆ ನಡೆದದ್ದೆಲ್ಲ ಇಮಿಗ್ರೇಷನ್ ಕೌಂಟರಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಒಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡು ಮತ್ತೇನು ಎಂದು ಕೇಳುವಿರಿ. ಈ ಗೊಂದಲಕ್ಕೆ ಬರೀ ಜನರನ್ನು ದೂರಿ ಫಲವಿಲ್ಲ. ಎಲ್.ಎಂ. ಸಿಂಘ್ವಿ ಸಮಿತಿ 2002ರಲ್ಲಿ ವರದಿ ಕೊಟ್ಟು ದ್ವಿಪೌರತ್ವದ ಶಿಫಾರಸು ಮಾಡಿತು. 2003ರ ಜನವರಿಯಲ್ಲಿ ಮೊದಲ ಪ್ರವಾಸಿ ಭಾರತೀಯ ದಿವಸದಂದು ಪ್ರಧಾನಿ ವಾಜಪೇಯಿಯವರೇ ಅದನ್ನು ಸಾರಿದರು. ಪತ್ರಿಕೆಗಳೂ ಹಾಗೆಯೇ ಬರೆದವು. ಕೊನೆಗೆ ಕೈಗೆ ಬಂದದ್ದು ಮಾತ್ರ ಜೀವಮಾನದ ವೀಸಾ: ಎಷ್ಟು ಸಲವಾದರೂ ಬರಬಹುದು, ಎಷ್ಟು ದಿನವಾದರೂ ಇರಬಹುದು, ಮನೆ ಕೊಳ್ಳಬಹುದು, ವ್ಯಾಪಾರ ಮಾಡಬಹುದು. ಮತ ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಕಾರ್ಡಿನ ಮೇಲೆ ಏನೇ ಅಚ್ಚಾಗಿರಲಿ, ಹಿಡಿದವನು ವಿದೇಶಿ ಪೌರನೇ.

ಹೊಲದ ಮಾತಿಗೆ ಬರೋಣ. ಕೃಷ್ಣೆಯ ನೀರು ಬಿದ್ದ ಕಬ್ಬಿನ ಹೊಲ ಬಿಟ್ಟರೆ ನಮ್ಮ ಕಡೆ ಆಸ್ತಿ ಎಂದರೆ ಏನು? ಜಗಳ ಹುಟ್ಟುವುದೂ ಅಲ್ಲಿಯೇ. ಕರ್ನಾಟಕ ಸರಕಾರ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು ಹಾಕಿದ ಮೇಲೆ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂಬ ಮಾತು ಹಬ್ಬಿದೆ. ಅದು ಇಲ್ಲಿ ವಾಸವಿರುವವರಿಗೆ ಸರಿ. ವಿದೇಶಿ ವಿನಿಮಯದ ಕೇಂದ್ರ ಕಾನೂನು ಬೇರೆ, ಅದು ಹಾಗೇ ಇದೆ: ಒಸಿಐ ಕಾರ್ಡಿನವರು ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಷ್ಟೇ ಅಲ್ಲ, ಭಾರತದ ಪಾಸ್‌ಪೋರ್ಟೇ ಇದ್ದು ಹೊರಗೆ ನೆಲೆಸಿದವರೂ ಕೊಳ್ಳುವಂತಿಲ್ಲ. ಪ್ರೀತಿಯಿಂದ ಅಪ್ಪ ದಾನಪತ್ರ ಬರೆದುಕೊಟ್ಟರೂ ನಡೆಯದು. ವಾರಸಾ ಹಕ್ಕಿನಿಂದ ಬಂದರೆ ಮಾತ್ರ ಅಡ್ಡಿಯಿಲ್ಲ. ಮಗ ಯಾವ ದೇಶದ ಪೌರನಾದರೂ ಅಪ್ಪನಿಗೆ ಮಗನೇ, ಉತಾರದಲ್ಲಿ ಅವನ ಹೆಸರು ಏರಬಹುದು. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯನಿಗೇ ಮಾರಬೇಕು.

ಇದಕ್ಕೆ ಊರಿನವರು ಕಂಡುಕೊಂಡ ಉಪಾಯ ನಿಮಗೂ ಗೊತ್ತಿದೆ: ಡಾಲರು ಮಗನದು, ಖರೀದಿ ಅಪ್ಪನ ಹೆಸರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ತಾಯಿ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರೂ ಸಮಾನ ವಾರಸುದಾರರು. "ದುಡ್ಡು ನಂದು" ಎಂದು ಹೊರಗಿರುವವನು ಹೇಳಿದರೆ ಬೇನಾಮಿಯ ಪ್ರಶ್ನೆ ಏಳಬಹುದು. ಹೇಳದಿದ್ದರೆ ಎಲ್ಲರ ಜೊತೆ ಸಮಪಾಲಷ್ಟೇ ಸಿಗುತ್ತದೆ. ಒಡಹುಟ್ಟಿದವರು ಮಾತು ಬಿಡುತ್ತಾರೆ. ಅಪ್ಪ ಬದುಕಿರುವಾಗಲೇ ಎಲ್ಲರೂ ಕೂತು ಮಾತಾಡಿ ಮೃತ್ಯುಪತ್ರ ಮಾಡಿಟ್ಟರೆ ಕೋರ್ಟಿನ ಮೆಟ್ಟಿಲು ತಪ್ಪುತ್ತದೆ. ಹೊಲದ ಮೇಲಿನ ಈ ನಿರ್ಬಂಧ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಡಾಲರಿನ ಎದುರು ಸವಾಲು ಕೂಗಿ ಎಕರೆ ಕೊಳ್ಳುವ ತಾಕತ್ತು ಇಲ್ಲಿ ದುಡಿಯುವ ರೈತನಿಗೆ ಇಲ್ಲ.

ಇನ್ನು ಮಕ್ಕಳ ವಿಚಾರ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಒಸಿಐ ಕಾರ್ಡು ಪಡೆದ ಮಕ್ಕಳಿಗೆ ನೀಟ್, ಜೆಇಇ ಪರೀಕ್ಷೆಗಳ ಮೂಲಕ ಸಿಗುವುದು ಎನ್‌ಆರ್‌ಐ ಸೀಟು ಇಲ್ಲವೇ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟು ಮಾತ್ರ. ಮೊಮ್ಮಗಳನ್ನು ಬೆಳಗಾವಿಯಲ್ಲಿ ಡಾಕ್ಟರು ಮಾಡಿಸುವ ಕನಸಿದ್ದ ಅಜ್ಜ ಇದನ್ನು ಮೊದಲೇ ತಿಳಿದಿರಬೇಕು. ದೊಡ್ಡವರಾದ ಮೇಲೆ ಪೌರತ್ವ ಮರಳಿ ಪಡೆದರಾಯಿತು ಎಂಬ ನಂಬಿಕೆಗೂ ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಗೆರೆ ಎಳೆದಿದೆ. ತಂದೆ ತಾಯಿ 9ನೇ ಕಲಮಿನಡಿ ತಾನಾಗಿ ಪೌರತ್ವ ಕಳೆದುಕೊಂಡಿದ್ದರೆ, 8ನೇ ಕಲಮಿನಲ್ಲಿ ಮಕ್ಕಳಿಗಿರುವ ಮರಳಿ ಪಡೆಯುವ ಹಕ್ಕು ಅವರ ಮಕ್ಕಳಿಗೆ ಅನ್ವಯಿಸುವುದಿಲ್ಲ. ನನ್ನ ಮಟ್ಟಿಗೆ ಇದು ಕಠೋರ. ಅಪ್ಪ ಅಮ್ಮ ತೆಗೆದುಕೊಂಡ ನಿರ್ಧಾರ ಮಕ್ಕಳಿಗೇಕೆ ಅಂಟಬೇಕು? ದ್ವಿಪೌರತ್ವ ಬೇಕೆನ್ನುವವರು ಕೇಳಬೇಕಾದದ್ದು ಇಂಥದ್ದನ್ನು, ನಮ್ಮ ಸಂಸದರನ್ನು ಎದುರಿಗೆ ನಿಲ್ಲಿಸಿ ಕೇಳಬೇಕು. ಕಾನೂನು ಬದಲಾಗುವ ತನಕ ಬದಲಾದಂತೆ ನಟಿಸುವುದು ಬೇಡ.

ಭಾರತದ ಪೌರತ್ವ ಹೋಯಿತು ಎಂಬುದನ್ನು ಮನೆಯವರು ಯಾಕೆ ಮುಚ್ಚಿಡುತ್ತಾರೆ ಎಂದು ಯೋಚಿಸಿದ್ದೇನೆ. ದುರಾಸೆಗಿಂತ ನಾಚಿಕೆಯೇ ಹೆಚ್ಚು. ಮಗ ದೇಶ ಬಿಟ್ಟ ಎಂದು ಊರು ಆಡಿಕೊಂಡೀತು ಎಂಬ ಅಳುಕು. 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಭಾರತದ ಪೌರತ್ವ ಬಿಟ್ಟರೆಂದು ಸರಕಾರವೇ ಸಂಸತ್ತಿಗೆ ತಿಳಿಸಿದೆ. ಇಷ್ಟು ಜನ ಮಾಡಿದ ಕೆಲಸದಲ್ಲಿ ತಲೆ ತಗ್ಗಿಸುವಂಥದ್ದೇನಿದೆ? ಪಾಸ್‌ಪೋರ್ಟಿನ ಬಣ್ಣ ನೋಡಿ ನಮ್ಮ ಗುಡಿಯಲ್ಲಿ ಯಾರೂ ಭಂಡಾರ ಹಚ್ಚುವುದಿಲ್ಲ.

ಮುಚ್ಚಿಟ್ಟದ್ದು ಬಯಲಾಗುವ ಹೊತ್ತು ಮಾತ್ರ ಕೆಟ್ಟದ್ದು. ಅಪ್ಪ ಮಿರಜದ ದವಾಖಾನೆಯ ಐಸಿಯುನಲ್ಲಿ, ಮಗನ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟು. ವೀಸಾ ಇಲ್ಲ, ಒಸಿಐ ಮಾಡಿಸಿಲ್ಲ, ಯಾಕೆಂದರೆ ಅದಕ್ಕೆ ಹಳೆಯ ಪಾಸ್‌ಪೋರ್ಟು ಒಪ್ಪಿಸಿದ ಪ್ರಮಾಣಪತ್ರ ಬೇಕು. ಒಂದು ಕಾಗದಕ್ಕಾಗಿ ವಾರಗಟ್ಟಲೆ ಕಾಯುವಷ್ಟು ಸಮಯ ಐಸಿಯು ಕೊಡುವುದಿಲ್ಲ. ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಕೊನೆಯದಾಗಿ ಮತದ ಮಾತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡೇ ದುಬೈಯಲ್ಲೋ ಲಂಡನ್ನಿನಲ್ಲೋ ದುಡಿಯುವವರು ಫಾರ್ಮ್ 6ಎ ಕೊಟ್ಟು ಹೆಸರು ಸೇರಿಸಬಹುದು, ಊರಿಗೆ ಬಂದು ಮತ ಹಾಕಬಹುದು. ಅವರು ಬರಲಿ, ಸಂತೋಷ. ಪೌರತ್ವ ಬಿಟ್ಟವರ ಹೆಸರು ಪಟ್ಟಿಯಲ್ಲಿ ಇರಬಾರದು. ಪಂಚಾಯಿತಿ ಚುನಾವಣೆಯಲ್ಲಿ ಒಂದೆರಡು ಮತಕ್ಕೆ ಸೋಲು ಗೆಲುವು ಆಗುವ ಊರು ನಮ್ಮದು, ರಜೆಗೆ ಬಂದವನನ್ನು ಬೂತಿಗೆ ಎಳೆದೊಯ್ಯುವ ಕಾರ್ಯಕರ್ತರೂ ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಹೆಸರು ತೆಗೆಸಲು ಇರುವುದು ಫಾರ್ಮ್ 7, ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಹತ್ತಿರ ಸಿಗುತ್ತದೆ. ಈ ಸಲ ಮಗನೋ ಮಗಳೋ ಊರಿಗೆ ಬಂದಾಗ ಪಾಸ್‌ಪೋರ್ಟು ಯಾವುದು ಎಂದು ನೇರವಾಗಿ ಕೇಳಿ, ಬದಲಾಗಿದ್ದರೆ ಅವರು ಇರುವಾಗಲೇ ಆ ಫಾರ್ಮು ತುಂಬಿಸಿ ಕೊಡಿ.