ಕ್ಯೂಬಿಟ್ ಎಷ್ಟು ಎಂದಷ್ಟೇ ಕೇಳಿದರೆ ಸಾಲದು: ಕ್ವಾಂಟಮ್ ಕಂಪ್ಯೂಟರನ್ನು ಅಳೆಯುವುದು ಹೇಗೆ?

‘ಕ್ವಾಂಟಮ್ ಕಂಪ್ಯೂಟರ್ ಬಂದಾಯಿತು, ಇನ್ನು ಎಲ್ಲರ ಬ್ಯಾಂಕ್ ಪಾಸ್‌ವರ್ಡ್ ಬಯಲು’ ಎಂಬಂಥ ಸಂದೇಶಗಳು ಆಗಾಗ ಮೊಬೈಲ್‌ಗೆ ಬರುತ್ತವೆ. ಇವುಗಳಲ್ಲಿ ಎದ್ದು ಕಾಣುವುದು ಒಂದೇ ಸಂಖ್ಯೆ: ಕ್ಯೂಬಿಟ್‌ಗಳ ಲೆಕ್ಕ. ಆದರೆ ಅದೊಂದರಿಂದ ಯಂತ್ರದ ಯೋಗ್ಯತೆ ತಿಳಿಯುವುದಿಲ್ಲ. ಏಕೆ ಎಂದು ನೋಡೋಣ.

ಬೆಂಗಳೂರಿನಲ್ಲಿ ಏನು ನಡೆದಿದೆ?

2021ರಲ್ಲಿ ಸಿ-ಡ್ಯಾಕ್, ಐಐಎಸ್‌ಸಿ ಮತ್ತು ಐಐಟಿ ರೂರ್ಕಿ ಸೇರಿ ‘ಕ್ಯೂಸಿಮ್’ ಎಂಬ ತಂತ್ರಾಂಶ ಹೊರತಂದವು. ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರ ಇರುವುದು ಹಳೇ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ. ಕ್ವಾಂಟಮ್ ಯಂತ್ರದ ಕೆಲಸವನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಅನುಕರಿಸಿ ತೋರಿಸುವುದು ಕ್ಯೂಸಿಮ್‌ನ ಉದ್ದೇಶ. 2023ರಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ ಕಟ್ಟುವುದು ಅದರ ಒಂದು ಗುರಿ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್‌ಗಳ ‘ಇಂಡಸ್’ ಯಂತ್ರವನ್ನು ಪ್ರಕಟಿಸಿತು.

ಸಾರ್ವಜನಿಕರ ಹಣ ಹೂಡಿದ ಮೇಲೆ ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕೇಳುವ ಹಕ್ಕು ನಮಗೆಲ್ಲರಿಗೂ ಇದೆ. ಅದನ್ನು ಅಳೆಯುವ ವಿಧಾನವೇ ಒಂದು ಸಂಶೋಧನಾ ಕ್ಷೇತ್ರ. ಅದರ ಮೇಲೆಯೇ ಪಿಎಚ್‌ಡಿ ಮಾಡುವವರಿದ್ದಾರೆ.

ಒಂದು ಸಣ್ಣ ಲೆಕ್ಕ

ಕ್ಯೂಬಿಟ್ ಬಹಳ ಸೂಕ್ಷ್ಮ. ತುಸು ಶಾಖ, ಎಲ್ಲಿಂದಲೋ ಬಂದ ಒಂದು ಸಿಗ್ನಲ್ ಸಾಕು, ಲೆಕ್ಕ ಕೆಡುತ್ತದೆ. ಪ್ರತಿ ಹೆಜ್ಜೆಯೂ ನೂರಕ್ಕೆ 99 ಸಲ ಸರಿಯಾಗುತ್ತದೆ ಎಂದುಕೊಳ್ಳಿ. ಹೀಗೆ 100 ಹೆಜ್ಜೆ ಇಟ್ಟರೆ, ಎಲ್ಲಿಯೂ ತಪ್ಪದೆ ಮುಗಿಯುವುದು ನೂರಕ್ಕೆ ಸುಮಾರು 37 ಸಲ ಮಾತ್ರ. 1,000 ಹೆಜ್ಜೆಯಾದರೆ ಲಕ್ಷಕ್ಕೆ ನಾಲ್ಕು ಸಲ! ಆದ್ದರಿಂದ ತಪ್ಪು ಹೆಚ್ಚಿರುವ 1,000 ಕ್ಯೂಬಿಟ್‌ಗಳಿಗಿಂತ ತಪ್ಪು ಕಡಿಮೆಯಿರುವ 100 ಕ್ಯೂಬಿಟ್‌ಗಳೇ ಹೆಚ್ಚು ಕೆಲಸಕ್ಕೆ ಬರಬಹುದು.

ಅಳೆಯುವುದು ಏಕೆ ಕಷ್ಟ?

ಎರಡು ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಅಳೆಯಲು 15 ಸಂಖ್ಯೆ ಬೇಕು. ಹತ್ತಕ್ಕೆ 10 ಲಕ್ಷ ದಾಟುತ್ತದೆ. 25ಕ್ಕೆ ಸುಮಾರು 11 ಕೋಟಿ ಕೋಟಿ! ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸಿ ತಾಳೆ ನೋಡೋಣವೆಂದರೆ, 30 ಕ್ಯೂಬಿಟ್‌ಗಳಿಗೆ ಸುಮಾರು 16 ಜಿಬಿ ಮೆಮೊರಿ ಬೇಕು. ಒಂದು ಕ್ಯೂಬಿಟ್ ಸೇರಿದಂತೆಲ್ಲ ಅದು ಇಮ್ಮಡಿ. 50ಕ್ಕೆ ಬರುವ ಹೊತ್ತಿಗೆ ಸುಮಾರು 1.7 ಕೋಟಿ ಜಿಬಿ.

ಇನ್ನೊಂದು ತೊಡಕೂ ಇದೆ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರಕ್ಕೆ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಒಂದೊಂದೇ ಸಿಗ್ನಲ್ ಪರೀಕ್ಷಿಸಿದರೆ ಎಲ್ಲವೂ ಸರಿ. ಸಂಜೆ ಆರಕ್ಕೆ ಒಂದು ಕಡೆ ಗಾಡಿ ನಿಂತರೆ ಹಿಂದಿನ ಸಿಗ್ನಲ್‌ವರೆಗೂ ಸಾಲು ಬೆಳೆಯುತ್ತದೆ. ಕ್ಯೂಬಿಟ್‌ಗಳೂ ಹಾಗೆಯೇ. ಒಂಟಿಯಾಗಿದ್ದಾಗ ಚೆನ್ನಾಗಿರುವುದು, ಅಕ್ಕಪಕ್ಕದವು ಕೆಲಸ ಶುರುಮಾಡಿದರೆ ತಪ್ಪುತ್ತದೆ.

ಹಾಗಾಗಿ ವಿಜ್ಞಾನಿಗಳು ಒಂದು ಜಾಣ ದಾರಿ ಹಿಡಿಯುತ್ತಾರೆ. ಕೊನೆಗೆ ಹೊರಟಲ್ಲಿಗೇ ಮರಳುವಂತೆ ಹೆಜ್ಜೆಗಳನ್ನು ಯಾದೃಚ್ಛಿಕವಾಗಿ ಆರಿಸಿ, ಯಂತ್ರಕ್ಕೆ ಕೊಡುತ್ತಾರೆ. ಹೆಜ್ಜೆಗಳು ಹೆಚ್ಚಾದಂತೆ ಎಷ್ಟು ಸಲ ಮರಳಲಿಲ್ಲ ಎಂದು ಎಣಿಸಿದರೆ, ಪ್ರತಿ ಹೆಜ್ಜೆಯ ಸರಾಸರಿ ತಪ್ಪು ಸಿಗುತ್ತದೆ.

ಹಾಗಾದರೆ ನಮ್ಮ ಪಾಸ್‌ವರ್ಡ್?

ಇಂಟರ್ನೆಟ್ ವಹಿವಾಟನ್ನು ಕಾಯುವ ಬೀಗಗಳಲ್ಲಿ ಆರ್‌ಎಸ್‌ಎ ಒಂದು. 2,048 ಬಿಟ್‌ನ ಆರ್‌ಎಸ್‌ಎ ಮುರಿಯಲು 2 ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಅಂದಾಜಾಗಿತ್ತು. 2025ರಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕೆಳಗಿಳಿಸಿದರು. ಅದೂ ಸಾವಿರ ಹೆಜ್ಜೆಗೆ ಒಂದೇ ತಪ್ಪು ಮಾಡುವ ಕ್ಯೂಬಿಟ್‌ಗಳಾದರೆ. 25 ಎಲ್ಲಿ, 10 ಲಕ್ಷ ಎಲ್ಲಿ! ಆದರೂ ಅಂದಾಜು ಇಳಿಯುತ್ತಿರುವುದು ನಿಜ. ಅದಕ್ಕೇ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ದಾಳಿ ತಡೆಯುವ ಮೂರು ಹೊಸ ಮಾನದಂಡ ಪ್ರಕಟಿಸಿತು.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಪ್ರತಿ ಹೆಜ್ಜೆಗೆ ತಪ್ಪೆಷ್ಟು? ಕ್ಯೂಬಿಟ್‌ಗಳನ್ನು ಒಂದೊಂದಾಗಿ ಅಳೆದರೋ, ಒಟ್ಟಿಗೇ ಓಡಿಸಿ ಅಳೆದರೋ? ಅಳೆದವರು ಯಂತ್ರ ಮಾಡಿದವರೇ, ಬೇರೆಯವರೇ? ಉತ್ತರವಿಲ್ಲದಿದ್ದರೆ ಕಳಿಸುವುದು ಬೇಡ. ‘ಕ್ವಾಂಟಮ್‌ನಿಂದ ಖಾತೆ ಉಳಿಸಲು ಈ ಲಿಂಕ್ ಒತ್ತಿ’ ಎಂದಿದ್ದರಂತೂ ಒತ್ತಲೇಬೇಡಿ. ಇಂದಿನ ಮಟ್ಟಿಗೆ ನಿಮ್ಮ ಖಾತೆಗೆ ಅಪಾಯವಿರುವುದು ಅಂಥ ಲಿಂಕ್‌ನಿಂದಲೇ.