ಇಂಟು ಮಾರ್ಕ್ ಎಲ್ಲಿದೆ ಮಾರಾಯ್ರೆ?

ಕಾಪುವಿನ ದೋಣಿಯವರು ಗಾಳಿ-ಅಲೆಯ ಎಚ್ಚರಿಕೆ ನೋಡಲು, ಕಾರ್ಕಳದ ಕೃಷಿಕರು ಅಡಿಕೆ ಧಾರಣೆ ನೋಡಲು, ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ಯುವವರು ಡಾಕ್ಟರ ಸಮಯ ನೋಡಲು ಈಗ ತೆಗೆಯುವುದು ಮೊಬೈಲನ್ನೇ. ಆದರೆ ಬೇಕಾದ್ದು ಕಾಣುವ ಮೊದಲು ಜಾಹೀರಾತು ಬಂದು ಕೂರುತ್ತದೆ. ಅದನ್ನು ಮುಚ್ಚುವ ಇಂಟು ಮಾರ್ಕ್ ಸಾಸಿವೆ ಕಾಳಿನಷ್ಟು. ಬೆರಳು ಸ್ವಲ್ಪ ಜಾರಿದರೆ ಯಾವುದೋ ಸಾಲದ ಆ್ಯಪ್ ತೆರೆದುಕೊಳ್ಳುತ್ತದೆ.

ಜಾಹೀರಾತೇ ಬೇಡ ಎನ್ನುವವರು ನಾವಲ್ಲ. ನಮ್ಮಂಥ ಊರಿನ ವರದಿಗಾರರ ಸಂಭಾವನೆಯೂ ಅದೇ ದುಡ್ಡಿನಿಂದ ಬರಬೇಕು. 1970ರಲ್ಲಿ ಮಣಿಪಾಲದಿಂದ ಶುರುವಾದ ಉದಯವಾಣಿಯಲ್ಲೂ ಜಾಹೀರಾತು ಇದೆ. ಆದರೆ ಅದಕ್ಕೊಂದು ಚೌಕ ಇದೆ. ಬೇಡವಾದರೆ ಪುಟ ಮಗುಚಬಹುದು. ಬಯಲಾಟದ ರಂಗಸ್ಥಳದ ಸುತ್ತ ಅಂಗಡಿಯವರ ಬ್ಯಾನರ್ ಇರುತ್ತದೆ, ಯಾರಿಗೂ ತಕರಾರಿಲ್ಲ. ಭಾಗವತರ ಪದ್ಯದ ನಡುವೆ ಚೆಂಡೆ ನಿಲ್ಲಿಸಿ ಸಾಬೂನು ಮಾರಿದರೆ ಸುಮ್ಮನಿರುತ್ತೇವೆಯೇ?

ಇನ್ನೊಂದು ವ್ಯತ್ಯಾಸವೂ ಇದೆ. ಪತ್ರಿಕೆಯ ಜಾಹೀರಾತಿಗೆ ನಾವು ಯಾರೆಂದು ಗೊತ್ತಿಲ್ಲ. ಮೊಬೈಲಿನದ್ದಕ್ಕೆ ನಾವು ಏನು ಹುಡುಕಿದೆವು, ಯಾವ ಊರಲ್ಲಿದ್ದೇವೆ ಎಂಬುದೂ ಬೇಕು. ಪುಟ ತೆರೆಯುವಷ್ಟರಲ್ಲಿ ನಮ್ಮ ಕಣ್ಣೆದುರಿನ ಜಾಗ ಹರಾಜಾಗಿರುತ್ತದೆ, ಮಲ್ಪೆ ಬಂದರಿನಲ್ಲಿ ಮೀನು ಹರಾಜಾದ ಹಾಗೆ. ಅಲ್ಲಾದರೆ ಮೀನು ತಂದವನಿಗೆ ದುಡ್ಡು ಸಿಗುತ್ತದೆ. ಇಲ್ಲಿ ನಮಗೆ ಬಿಡಿಗಾಸೂ ಇಲ್ಲ. ಮೇಲಿಂದ, ಆ ವಿಡಿಯೊ ಓಡುವುದು ನಮ್ಮ ರೀಚಾರ್ಜಿನ ಡೇಟಾದಲ್ಲಿ!

ಇದಕ್ಕೆ ನಿಯಮ ಇಲ್ಲವೆಂದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುದ್ದಿಯ ವೇಷ ತೊಟ್ಟ ಜಾಹೀರಾತು, 'ಇನ್ನೆರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದು ಎಲ್ಲವೂ ಅದರಲ್ಲಿವೆ. ಒತ್ತಿದರೆ ಮುಚ್ಚುವ ಬದಲು ಇನ್ನೊಂದು ಜಾಹೀರಾತು ತೆರೆಯುವ ಇಂಟು ಮಾರ್ಕ್ ಕೂಡ ತಪ್ಪು ಎಂದು ಉದಾಹರಣೆ ಸಮೇತ ಹೇಳಲಾಗಿದೆ. ಆದರೆ ದೂರು ಹೋಗದಿದ್ದರೆ ನಿಯಮ ಕಡತದಲ್ಲೇ ಮಲಗಿರುತ್ತದೆ.

ಹಾಗಾಗಿ ನಮ್ಮ ಮಾತು ಇಷ್ಟೆ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಿ. ಪಂಚಾಯತ್ ಗ್ರಂಥಾಲಯಗಳಲ್ಲಿ ಮೊಬೈಲ್ ಬಳಕೆ ಕಲಿಸುವವರು ಜಾಹೀರಾತನ್ನು ಗುರುತಿಸುವುದನ್ನೂ ಹಿರಿಯರಿಗೆ ಕಲಿಸಲಿ. ಸುದ್ದಿತಾಣ ನಡೆಸುವ ನಮ್ಮ ಜಿಲ್ಲೆಯ ಗೆಳೆಯರು ಜಾಹೀರಾತನ್ನು ಸುದ್ದಿಯ ಪಕ್ಕದಲ್ಲಿಡಲಿ, ಮೇಲೆ ಹೇರುವುದು ಬೇಡ. ಓದುಗರನ್ನು ಓಡಿಸಿ ಗಳಿಸಿದ ದುಡ್ಡು ಎಷ್ಟು ದಿನ ಬಂದೀತು?